ಎಣಿಕೆಗೆ ಸಿಗದ ಮೊದಲ ಕಲ್ಲು

"ನಾ ಸೈನ್ ಮಾಡಂಗಿಲ್ರಿ ಸರ್."

ಸಿಂಧೂರ ಆ ಕಾಗದವನ್ನು ಹರಿಯಲಿಲ್ಲ, ಮಡಿಚಲೂ ಇಲ್ಲ. ಬೆಂಚಿನ ಮೇಲೆ ಇಟ್ಟು, ಗಾಳಿಗೆ ಹಾರದಿರಲಿ ಎಂದು ತನ್ನ ಕಾಫಿ ಲೋಟವನ್ನೇ ಅದರ ಮೇಲೆ ಕುಕ್ಕಿದಳು. ಕದ್ದದ್ದು ತಾನೇ ಎಂದು ಒಪ್ಪಿ ಕ್ಷಮೆ ಕೋರುವ ಸಾಲಿನ ಸುತ್ತ ಕಂದು ಬಣ್ಣದ ಬಳೆಯೊಂದು ಮೂಡಿತು.

ಪ್ರೊಫೆಸರ್ ಚಂದ್ರಮೋಹನ್ ನಕ್ಕರು. ಅರವತ್ತರ ಆಸುಪಾಸು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಹೆಗಲಲ್ಲಿ ಚರ್ಮದ ಚೀಲ. ಬೆಂಗಳೂರು ಬಿಟ್ಟು ಲಾಸ್ ಏಂಜಲೀಸ್ ಸೇರಿ ಮೂವತ್ತು ವರ್ಷವಾಗಿತ್ತು. ಹಳೆಯ ಬಂದರುಗಳ ಚರಿತ್ರೆ ಅವರ ವಿಷಯ. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಯಾನ್ ಪೀಡ್ರೊ ಬಂದರಿನ ಹಡಗು ನಿಲ್ಲುವ ಈ ಧಕ್ಕೆಯ ಮೇಲೆ ಒಂದು ಸುತ್ತು ನಡೆಯುವುದು ಅವರ ವ್ರತ, ಮತ್ತು ಆ ವ್ರತದ ಸಮಾಚಾರ ಅವರ ವೆಬ್‌ಸೈಟಿನಲ್ಲೂ ಇತ್ತು.

"ಹಠ ಮಾಡಬೇಡಮ್ಮ. ನಾಳೆ ಬೆಳಿಗ್ಗೆ ಹಿಯರಿಂಗ್. ಅಷ್ಟರೊಳಗೆ ಸೈನ್ ಮಾಡಿದ್ರೆ ಒಂದು ವಾರ್ನಿಂಗ್‌ನಲ್ಲಿ ಮುಗಿಯುತ್ತೆ. ಇಲ್ಲಾಂದ್ರೆ ಯೂನಿವರ್ಸಿಟಿಯಿಂದ ತೆಗೀತಾರೆ, ವೀಸಾ ಹೋಗುತ್ತೆ. ಯೋಚನೆ ಮಾಡು."

"ಮಾಡೇ ಬಂದೀನ್ರಿ."

ಪಕ್ಕದಲ್ಲಿದ್ದ ಶ್ರೀವಿದ್ಯಾಗೆ ಹುಡುಗಿಯ ಬೆನ್ನು ತಟ್ಟಬೇಕೆನಿಸಿತು. ತಟ್ಟಲಿಲ್ಲ. ಕೇಸು ಗೆಲ್ಲುವ ಮೊದಲು ಕಕ್ಷಿದಾರರ ಬೆನ್ನು ತಟ್ಟುವ ಪತ್ತೇದಾರಳು ಆಮೇಲೆ ತನ್ನ ಹಣೆ ಚಚ್ಚಿಕೊಳ್ಳಬೇಕಾಗುತ್ತದೆ ಎಂಬುದು ಅವಳಿಗೆ ಅನುಭವದಿಂದ ಗೊತ್ತಿತ್ತು.

ಶ್ರೀವಿದ್ಯಾಗೆ ಐವತ್ತೆರಡು. ಸ್ಯಾನ್ ಡಿಯೇಗೊದ ಸೊರೆಂಟೊ ವ್ಯಾಲಿಯ ಒಂದು ಟೆಲಿಕಾಂ ಕಂಪನಿಗೆ ಹದಿನೆಂಟು ವರ್ಷ ಕಾರಿನಲ್ಲಿ ಊರೂರು ಸುತ್ತಿ ಸಿಗ್ನಲ್ ಅಳೆದವಳು. ಕೋವಿಡ್ ವರ್ಷದಲ್ಲಿ ಕೆಲಸ ಹೋದಾಗ ಅತ್ತು ಕೂರಲಿಲ್ಲ. ಪತ್ತೇದಾರಿ ಲೈಸೆನ್ಸಿಗೆ ಅಪ್ಲೈ ಮಾಡಿ, ಪೊವೇಯಲ್ಲಿ ಟೈಲ್ಸ್ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದಳು. ಹಳೆಯ ಕೆಲಸದಿಂದ ಉಳಿದದ್ದು ಒಂದೇ ಚಟ: ಯಾವುದನ್ನೂ ಎರಡು ಸಲ ಅಳೆಯದೆ ನಂಬುತ್ತಿರಲಿಲ್ಲ.

ಈ ಕೇಸು ಹೇಳಲು ಸುಲಭ, ಗೆಲ್ಲಲು ಕಷ್ಟ. ಸಿಸಿಲಿ ದ್ವೀಪದ ದಕ್ಷಿಣ ದಡದಲ್ಲಿ ವೆಲ್ಮಾರಾ ಎಂಬ ಹಳೆಯ ಬಂದರು. ನಕ್ಷೆಯಲ್ಲಿ ಹುಡುಕಿದರೆ ಸಾಸಿವೆ ಕಾಳಷ್ಟು. ಗದಗದ ಕಡೆಯ ಹುಡುಗಿ ಸಿಂಧೂರ ಎರಡು ವರ್ಷದ ಹಿಂದೆ, 2022ರಲ್ಲಿ, ಅದರ ಸುತ್ತ ಒಬ್ಬಳೇ ನಡೆದು, ಕಂಡದ್ದನ್ನೆಲ್ಲ ಹದಿನೆಂಟು ಪುಟ ಬರೆದು ತನ್ನ ಗೈಡ್ ಚಂದ್ರಮೋಹನ್‌ಗೆ ಕೊಟ್ಟಳು. ಈ ವರ್ಷ ಆ ನಡಿಗೆ ಅವರ ಪುಸ್ತಕದ ನಾಲ್ಕನೇ ಅಧ್ಯಾಯವಾಗಿ ಹೊರಬಂತು. ನಡೆದ ಕಾಲು ಮಾತ್ರ ಬದಲಾಗಿತ್ತು.

ಹುಡುಗಿ ದೂರು ಕೊಟ್ಟಳು. ಪ್ರೊಫೆಸರ್ ತಿರುಗಿಸಿ ಹೊಡೆದರು: "ನಾನು ಅಲ್ಲಿ ನಡೆದದ್ದು 2019ರ ಮೇ ತಿಂಗಳಲ್ಲಿ. ನನ್ನ ನೋಟ್‌ಬುಕ್ಕಿನಿಂದ ಕದ್ದವಳು ಅವಳು." ನೋಟ್‌ಬುಕ್ಕಿನ ಎರಡು ಪುಟ ಸ್ಕ್ಯಾನ್ ಮಾಡಿ ಕಮಿಟಿಗೆ ಕಳಿಸಿದರು; ಅವನ್ನು ಹುಡುಗಿಗೆ ಯಾರೂ ತೋರಿಸಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆ ಕಮಿಟಿ, ದೂರು ಕೊಟ್ಟವಳನ್ನೇ ಕಟಕಟೆಗೆ ಹತ್ತಿಸಿತು.

"ಬನ್ನಿ, ನಡೀತಾ ಮಾತಾಡೋಣ," ಎಂದರು ಚಂದ್ರಮೋಹನ್. "ನನ್ನ ವಾಕ್ ತಪ್ಪೋದು ನನಗಿಷ್ಟ ಇಲ್ಲ."

"ಅದಕ್ಕೇ ಬಂದಿದೀವಿ," ಎಂದಳು ಶ್ರೀವಿದ್ಯಾ.

ಅಕ್ಟೋಬರಿನ ಬಿಸಿಲು ಆಗಲೇ ಚುರುಕಾಗಿತ್ತು. ಎದುರಿಗೆ ಹಸಿರು ಬಣ್ಣದ ಎತ್ತರದ ಸೇತುವೆ, ಅದರಾಚೆ ಕಂಟೇನರ್ ಎತ್ತುವ ಕ್ರೇನುಗಳು. ಧಕ್ಕೆಯ ಅಂಚಿನಲ್ಲಿ ಹತ್ತಾರು ಜನ ಗಾಳ ಹಾಕಿಕೊಂಡು ಕೂತಿದ್ದರು. ಒಂದು ಕಡೆ ರೇಡಿಯೊದಲ್ಲಿ ಸ್ಪ್ಯಾನಿಷ್ ಹಾಡು, ಇನ್ನೊಂದು ಕಡೆ ಸುಟ್ಟ ಮೀನಿನ ವಾಸನೆ.

"ಮೆಡಿಟರೇನಿಯನ್ನಿನ ಒಂದು ಚೂರು ಇಲ್ಲಿದೆ, ನೋಡಿ," ಎಂದು ಪ್ರೊಫೆಸರ್ ಪಾಠ ಶುರುಮಾಡಿದರು. "ಇಟಲಿಯ ದ್ವೀಪಗಳಿಂದ ಬಂದ ಬೆಸ್ತರು, ಆಚೆ ದಡದ ಕ್ರೊಯೇಷಿಯಾದವರು. ಊರು ಬಿಟ್ಟರೂ ಬಲೆ ಬಿಡಲಿಲ್ಲ. ನಿಮ್ಮ ಸ್ಯಾನ್ ಡಿಯೇಗೊದ ಲಿಟಲ್ ಇಟಲಿಯೂ ಅಷ್ಟೇ, ಟ್ಯೂನಾ ಮೀನು ಹಿಡಿದವರು ಕಟ್ಟಿದ ಕೇರಿ."

"ವೆಲ್ಮಾರಾ ಬಗ್ಗೆ ಹೇಳಿ."

"ಪುಸ್ತಕ ಓದಿಲ್ವಾ?"

"ಓದಿದೀನಿ. ನಿಮ್ಮ ಬಾಯಲ್ಲಿ ಕೇಳೋ ಆಸೆ."

ಹೊಗಳಿಕೆಯ ವಾಸನೆ ಹಿಡಿದರೆ ಕೆಲವರು ಗಾಳ ಕಾಣದೆ ಬಾಯಿ ಹಾಕುತ್ತಾರೆ. ಚಂದ್ರಮೋಹನ್ ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಕೈ ಬೀಸಿ ಬೀಸಿ ಹೇಳಿದರು.

ಸುಂಕದ ಕಟ್ಟೆಯಿಂದ ಹೊರಟರೆ ಮೊದಲು ಸಿಗುವುದು ಮೀನಿನ ಹರಾಜು ಕಟ್ಟೆ. ಅದರ ಚಪ್ಪಡಿಗಳು ರೋಮನ್ನರ ಕಾಲದ ಕಣಜದವು. ಆಫ್ರಿಕಾದ ಗೋಧಿ ಇಲ್ಲಿ ಇಳಿದು ಇಲ್ಲಿಂದಲೇ ರೋಮಿಗೆ ಹೋಗುತ್ತಿತ್ತು. ನಮ್ಮ ಪಡುವಣ ಕರಾವಳಿಯ ಮೆಣಸೂ ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬಂದಿರಬೇಕು. ನೂರು ಹೆಜ್ಜೆ ನಡೆದರೆ ಅರಬರು ಕಡಿಸಿದ ನೀರಿನ ತೊಟ್ಟಿ. ಈಗ ಅದರಲ್ಲಿ ಬೆಕ್ಕುಗಳ ಸಂಸಾರ. ಅಲ್ಲಿಂದ ಎಡಕ್ಕೆ ಸ್ಪೇನಿನವರ ಕಾವಲು ಗೋಪುರ, ಕಡಲುಗಳ್ಳರ ಮೇಲೆ ಕಣ್ಣಿಡಲು ಕಟ್ಟಿಸಿದ್ದು. ಕಾವಲುಗಾರರೇ ಕಳ್ಳರಿಗೆ ದೀಪ ತೋರಿಸುತ್ತಿದ್ದರು ಎಂದು ಊರವರು ಈಗಲೂ ಆಡಿಕೊಳ್ಳುತ್ತಾರೆ.

ಗೋಪುರದಿಂದ ಬಂದರಿನ ಬಾಯಿಯವರೆಗೆ, ನೀರಿನ ಅಂಚಿಗೆ, ಹಡಗಿನ ಹಗ್ಗ ಬಿಗಿಯುವ ಕಲ್ಲುಗೂಟಗಳ ಸಾಲು. ಒಂದೊಂದರ ಕೊರಳಲ್ಲೂ ಹಗ್ಗ ಉಜ್ಜಿ ಉಜ್ಜಿ ಬಿದ್ದ ಕಚ್ಚು, ಕೆಲವು ಕಡೆ ಕೈ ಮುಳುಗುವಷ್ಟು ಆಳ.

ಇದನ್ನೆಲ್ಲ ಶ್ರೀವಿದ್ಯಾ ಹುಡುಗಿಯ ಹದಿನೆಂಟು ಪುಟಗಳಲ್ಲಿ ಓದಿದ್ದಳು. ಬೆಕ್ಕುಗಳ ಸಂಸಾರ, ಕಳ್ಳರಿಗೆ ದೀಪ, ಕೈ ಮುಳುಗುವ ಕಚ್ಚು, ಎಲ್ಲವೂ ಸಿಂಧೂರಳ ಮಾತು. ಒಡತಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅವಳ ಒಡವೆ ಹಾಕಿ ಮೆರೆಯುವುದಕ್ಕೂ ಒಂದು ಎದೆ ಬೇಕು.

ಸಿಂಧೂರ ಮಾತ್ರ ನೀರನ್ನೇ ನೋಡುತ್ತಿದ್ದಳು. ಆ ಬಂದರನ್ನೇ ಆರಿಸಿಕೊಂಡದ್ದು ಯಾಕೆಂದು ಅವಳು ಹೇಳಿದ್ದು ಈ ಬೆಳಿಗ್ಗೆ ಕಾರಿನಲ್ಲಿ. ದೊಡ್ಡಪ್ಪನ ಮಗ ಸಂಗಮೇಶ, ಅವಳಿಗೆ ಅಕ್ಷರ ತಿದ್ದಿಸಿದ ಅಣ್ಣ, ಹಡಗಿನಲ್ಲಿ ಎಂಜಿನಿಯರ್ ಆಗಿದ್ದ. 2018ರ ನವೆಂಬರಿನಲ್ಲಿ ವೆಲ್ಮಾರಾದ ಹತ್ತಿರ ಸಮುದ್ರಕ್ಕೆ ಬಿದ್ದು ಹೋದ ಎಂದು ಸುದ್ದಿ ಬಂತು. ಹೆಣ ಸಿಗಲಿಲ್ಲ. ಮನೆಯಲ್ಲಿ ಫೋಟೊಗೆ ಹಾರ ಬಿತ್ತು. ಅವನು ಕೊನೆಗೆ ನೋಡಿದ ನೆಲದ ಮೇಲೆ ಒಂದು ಸುತ್ತು ನಡೆಯಬೇಕೆಂದು ಅವಳು ಹೋಗಿದ್ದಳು. ಇದನ್ನು ಅವಳು ಗೈಡಿಗೂ ಹೇಳಿರಲಿಲ್ಲ, ಕಮಿಟಿಗೂ ಹೇಳಿರಲಿಲ್ಲ. "ಕರುಣಾ ಬ್ಯಾಡ್ರಿ ನನಗ, ನ್ಯಾಯ ಬೇಕು," ಎಂದಿದ್ದಳು.

"ಕಲ್ಲುಗೂಟ ಒಟ್ಟು ಎಷ್ಟು?" ಎಂದಳು ಶ್ರೀವಿದ್ಯಾ.

"ಇಪ್ಪತ್ತೆರಡು."

"ನೀವೇ ಎಣಿಸಿದ್ರಾ?"

"ಒಂದೊಂದನ್ನೂ ಮುಟ್ಟಿ."

"ಒಳ್ಳೇದಾಯ್ತು. ಹಾಗಾದ್ರೆ ಇಲ್ಲೂ ಒಂದ್ಸಲ ಎಣಿಸೋಣ."

ಅಷ್ಟರಲ್ಲಿ ಅವರು ಧಕ್ಕೆಯ ಕಬ್ಬಿಣದ ಗೂಟಗಳು ಶುರುವಾಗುವ ಕಡೆ ಬಂದಿದ್ದರು. ಮೊದಲ ಗೂಟದ ತಲೆಯ ಮೇಲೆ, ಒಂದು ಬೆಣಚುಕಲ್ಲಿನ ಅಡಿಯಲ್ಲಿ, ಮೂರೆಸಳಿನ ಬಿಲ್ವಪತ್ರೆ ಇತ್ತು. ನಿನ್ನೆ ಶನಿವಾರ, ಹುಡುಗಿ ಕ್ಯಾಲಬಾಸಸ್ ಗುಡಿಗೆ ಹೋಗಿ ತಂದು, ಸಂಜೆಯೇ ಇಲ್ಲಿಗೆ ಬಂದು ಇಟ್ಟಿರಬೇಕು ಎಂದುಕೊಂಡಳು ಶ್ರೀವಿದ್ಯಾ. ಪರೀಕ್ಷೆಗೆ ಸರಿಯಾದ ಸಿದ್ಧತೆ ಎಂದು ಮನಸ್ಸಿನಲ್ಲೇ ಮೆಚ್ಚಿದಳು.

"ಏನಿದು ಕಸ," ಎಂದು ಚಂದ್ರಮೋಹನ್ ಕೈ ಚಾಚಿದರು.

ಸಿಂಧೂರ ಅವರ ಮಣಿಕಟ್ಟು ಹಿಡಿದಳು. "ಅದನ್ನ ಮುಟ್ಟಬ್ಯಾಡ್ರಿ ಸರ್."

ವಿದ್ಯಾರ್ಥಿಯೊಬ್ಬಳು ತಮ್ಮ ಕೈ ಹಿಡಿದು ತಡೆದದ್ದು ಅವರಿಗೆ ಬಹುಶಃ ಅದೇ ಮೊದಲು. ಕೈ ಬಿಡಿಸಿಕೊಂಡು ಅಂಗಿಯ ತೋಳು ಸರಿಮಾಡಿಕೊಂಡರು.

"ನೀವೇ ಮೊದಲು," ಎಂದಳು ಶ್ರೀವಿದ್ಯಾ. "ಆ ಕೊನೆಯ ಏಣಿಯವರೆಗೆ. ಬಾಯಿಬಿಟ್ಟು ಎಣಿಸಿ."

"ಇದೆಂಥ ಮಕ್ಕಳಾಟ?"

"ಐದು ನಿಮಿಷದ ಆಟ. ಆಮೇಲೆ ಸಹಿ ವಿಚಾರ ಮಾತಾಡೋಣ."

ಸಹಿ ಎಂದ ಕೂಡಲೇ ಪ್ರೊಫೆಸರ್ ಕಾಲು ಎತ್ತಿದರು. ಒಂದು, ಎರಡು, ಮೂರು ಎಂದು ಗೂಟಗಳನ್ನು ತಟ್ಟುತ್ತಾ ಹೋಗಿ, ಏಣಿಯ ಬಳಿ ನಿಂತು ಕೂಗಿದರು: "ಒಂಬತ್ತು!"

"ಈಗ ನೀನು ಕಣಮ್ಮ."

ಸಿಂಧೂರ ಮೊದಲ ಗೂಟದ ಮುಂದೆ ಬಗ್ಗಿ, ಪತ್ರೆಯನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಲಾಭ," ಎಂದಳು ಮೆಲ್ಲಗೆ. ಎರಡನೆಯ ಗೂಟ ತಟ್ಟಿ, "ಒಂದು." ಮೂರನೆಯದಕ್ಕೆ, "ಎರಡು." ಹಾಗೇ ಹೋಗಿ ಏಣಿಯ ಬಳಿ ನಿಂತಾಗ ಅವಳ ಲೆಕ್ಕ ಎಂಟಕ್ಕೆ ಮುಗಿದಿತ್ತು.

"ಎಂಟು ಹೇಗಾಯ್ತು?" ಚಂದ್ರಮೋಹನ್ ನಕ್ಕರು. "ಎಣಿಸೋಕೂ ಬರಲ್ವಾ ನಿನಗೆ?"

"ನಮ್ಮ ಬಸವಲಿಂಗಪ್ಪಜ್ಜ ಕಣದಾಗ ಜ್ವಾಳ ಅಳೀವಾಗ ಮೊದಲನೇ ಸೇರು ದೇವರಿಗೆ ತಗದಿಡ್ತಿದ್ರಿ. ಅದರ ಮ್ಯಾಲ ಒಂದು ಪತ್ರಿ. ಬಾಯಾಗ 'ಲಾಭ' ಅಂತಿದ್ರು. ಒಂದು ಅಂತ ಚಾಲೂ ಆಗೂದು ಎರಡನೇ ಸೇರಿನಿಂದ. ಬ್ಯಾರೇದವ್ರು ಲಾಭ ಅಂದ್ರ ಒಂದು ಅಂತ ಹಿಡೀತಾರ. ನಮ್ಮನ್ಯಾಗ ಹಂಗಿಲ್ರಿ, ದೇವರದು ಎಣಿಕಿಗೆ ಬರಂಗಿಲ್ಲ. ನಾವು ಅದ ರೂಢಿಯೊಳಗ ಬೆಳದಾವ್ರು. ನಾ ಬಾಳಿಹಣ್ಣು ಎಣಿಸಿದ್ರೂ ಒಂದು ಕಮ್ಮಿ ಬರ್ತೈತಿ ಅಂತ ಹಾಸ್ಟೆಲ್‌ನಾಗ ನಗ್ತಿದ್ರು."

"ಪಾಪ. ಇದಕ್ಕೂ ನನ್ನ ಪುಸ್ತಕಕ್ಕೂ ಏನು ಸಂಬಂಧ?"

ಶ್ರೀವಿದ್ಯಾ ಕಾಯುತ್ತಿದ್ದದ್ದು ಈ ಪ್ರಶ್ನೆಗೇ. "ವೆಲ್ಮಾರಾದಲ್ಲಿ ಕಲ್ಲುಗೂಟ ಇರೋದು ಇಪ್ಪತ್ತೆರಡಲ್ಲ, ಇಪ್ಪತ್ತಮೂರು. ಅಲ್ಲಿ ಬಲೆ ಹೊಲಿಯೋ ಅಂಗಡಿಯ ನೀನಾ ಅನ್ನೋ ಅಜ್ಜಿ ನಂಬರ್ ಹುಡುಕಿ ವಿಡಿಯೊ ಕಾಲ್ ಮಾಡಿದೆ. ಅವರಿಗೆ ಇಂಗ್ಲಿಷ್ ಬರಲ್ಲ, ನನಗೆ ಇಟಾಲಿಯನ್ ಬರಲ್ಲ, ಬೆರಳು ಇಬ್ಬರಿಗೂ ಇತ್ತು. ಫೋನ್ ಹಿಡ್ಕೊಂಡು ಆ ಸಾಲಿನುದ್ದಕ್ಕೂ ನಡೆದು ತೋರಿಸಿದ್ರು. ಎರಡು ಸಲ. ರೆಕಾರ್ಡ್ ಇದೆ."

ಚಂದ್ರಮೋಹನ್ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ಈ ಹುಡುಗಿ ಇಪ್ಪತ್ತೆರಡು ಅಂತ ಬರೆದಿದ್ದು ತಪ್ಪು. ಆದ್ರೆ ಆ ತಪ್ಪಿಗೆ ಅವರಜ್ಜನ ಕಣದಿಂದ ಬಂದ ಕಾರಣ ಇದೆ. ನೀವು ಈಗಷ್ಟೇ ನನ್ನ ಕಣ್ಣೆದುರಿಗೆ 'ಒಂದು' ಅಂತ ಶುರು ಮಾಡಿದ್ರಿ. ಮುಟ್ಟಿ ಎಣಿಸಿದ್ದೇ ಆಗಿದ್ರೆ ನಿಮ್ಮ ಲೆಕ್ಕ ಇಪ್ಪತ್ತಮೂರು ಬರಬೇಕಿತ್ತು. ಪಕ್ಕದವರ ಪೇಪರ್ ನೋಡಿ ಕಾಪಿ ಹೊಡೆಯೋನು ಅವರ ತಪ್ಪನ್ನೂ ಸೇರಿಸಿ ಕಾಪಿ ಹೊಡೀತಾನೆ. ಇದನ್ನೇ ನಾಳೆ ಕಮಿಟಿ ಮುಂದೆ ಹೇಳ್ತೀನಿ."

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಈಗ ಕುಡಿಯುತ್ತಾನೆ ಎಂದು ಶ್ರೀವಿದ್ಯಾ ಕಾದಳು. ಪ್ರೊಫೆಸರ್ ಕುಡಿಯಲಿಲ್ಲ. ಚರ್ಮದ ಚೀಲದ ಜಿಪ್ ಎಳೆದು, ಪ್ಲಾಸ್ಟಿಕ್ ಕವರಿನೊಳಗಿದ್ದ ನೀಲಿ ರಟ್ಟಿನ ಒಂದು ನೋಟ್‌ಬುಕ್ ತೆಗೆದರು.

"ಇದು ಒರಿಜಿನಲ್. ನಾಳೆ ಕಮಿಟಿಗೆ ಕೊಡೋದು. ಇಲ್ಲಿ ನೋಡಿ, ವೆಲ್ಮಾರಾ ಬಂದರಿನ ಗೇಟ್ ಪಾಸ್, ಮೊಹರಿನ ಸಮೇತ. 2019, ಮೇ 14. ಆಗ ಈ ಹುಡುಗಿ ಧಾರವಾಡದಲ್ಲಿ ಡಿಗ್ರಿ ಮಾಡ್ತಿದ್ದಳು. ಇನ್ನು ಕೊನೆ ಪುಟ." ಬೆರಳಿಟ್ಟು ತೋರಿಸಿದರು. "ಇಪ್ಪತ್ತೆರಡು. ನಾನು ತಪ್ಪಾಗಿ ಎಣಿಸಿರಬಹುದು, ಮೇಡಂ. ತಪ್ಪು ಎಣಿಸೋದು ಕಳ್ಳತನ ಅಲ್ಲ. ಅವಳು ಬರೆಯೋಕೆ ಮೂರು ವರ್ಷ ಮೊದಲೇ ನನ್ನ ತಪ್ಪು ಇಲ್ಲಿದೆ."

ಶ್ರೀವಿದ್ಯಾ ಪುಟದ ಮೇಲೆ ಬಗ್ಗಿದಳು. ಗೇಟ್ ಪಾಸನ್ನು ಬಿಸಿಲಿಗೆ ಹಿಡಿದು ನೋಡಿದಳು. ಹೆಸರಿದ್ದ ಮೂಲೆ ಹರಿದುಹೋಗಿತ್ತು, ಆದರೆ ಮೊಹರು ಅಸಲಿ. ಹಾಳೆಯ ಅಂಚು ಹಳದಿಯಾಗಿತ್ತು. ಎರಡು ವಾರ ಕಟ್ಟಿದ ಸಾಕ್ಷಿ ಎರಡು ನಿಮಿಷದಲ್ಲಿ ಕುಸಿದು ಕೂತಿತು. ಹುಡುಗಿಯ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

"ಈಗ ಪೆನ್ನು ಕೊಡಲಾ?" ಎಂದರು ಚಂದ್ರಮೋಹನ್.

"ಮೊದಲನೇ ಕಲ್ಲಿನ ಪುಟ ತೋರಸ್ರಿ," ಎಂದಳು ಸಿಂಧೂರ.

"ಯಾಕೆ?"

"ಅವರ ಮುಂದ ಇಡಾಕ ತಂದೀರಲ್ಲ. ನನ್ನ ಮುಂದ ಇಡಾಕ ಏನು ಅಂಜಿಕಿ?"

ಅಂಜಿಕೆ ಎಂಬ ಮಾತು ಅವರಿಗೆ ಚುಚ್ಚಿತು. ಕಮಿಟಿಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಎಂಬ ಧೈರ್ಯ ಮೊದಲಿನಿಂದಲೂ ಇತ್ತು. ಈ ಹುಡುಗಿ ಓದಿದರೂ ಏನು ಮಾಡಿಯಾಳು ಎಂದುಕೊಂಡಿರಬೇಕು. ಪುಟ ತಿರುವಿ ನೋಟ್‌ಬುಕ್ ಅವಳ ಕೈಗೇ ಕೊಟ್ಟರು.

ಪುಟದ ತುಂಬ ಸಣ್ಣ ದುಂಡು ಕನ್ನಡ ಅಕ್ಷರ. ನಡುವೆ ಪೆನ್ಸಿಲಿನಲ್ಲಿ ಕಲ್ಲುಗೂಟಗಳ ಚಿತ್ರ. ಎರಡನೆಯ ಕಲ್ಲಿನ ಕೆಳಗೆ 1, ಮೂರನೆಯದರ ಕೆಳಗೆ 2. ಮೊದಲ ಕಲ್ಲಿಗೆ ಸಂಖ್ಯೆಯೇ ಇರಲಿಲ್ಲ. ಅದರ ತಲೆಯ ಮೇಲೆ ಮೂರೆಸಳಿನ ಒಂದು ಪುಟ್ಟ ಪತ್ರೆ ಬರೆದಿತ್ತು.

ಶ್ರೀವಿದ್ಯಾ ಎರಡು ಸಲ ನೋಡಿದಳು. ಆಮೇಲೆ ತಲೆ ಎತ್ತಿದಳು.

"ಇದೇನು, ಚಂದ್ರಮೋಹನ್ ಅವರೇ?"

"ಅದಾ? ಸುಮ್ಮನೆ ಗೀಚಿದ್ದು."

"ನಿಮ್ಮ ಕೈಯಲ್ಲೇ ಗೀಚಿದ್ದು?"

"ಹೌದು. ಮತ್ತಿನ್ಯಾರ ಕೈ?"

"ಆ ಗೂಟದ ಮೇಲೆ ಇದೇ ಎಲೆ ಇದೆ. ಆಗ ನೀವು ಕಸ ಅಂದ್ರಿ."

ಪ್ರೊಫೆಸರ್ ಪುಸ್ತಕ ವಾಪಸ್ ಪಡೆಯಲು ಕೈ ಚಾಚಿದರು. ಸಿಂಧೂರ ಈ ಮಾತುಗಳನ್ನು ಕೇಳಿಸಿಕೊಂಡಂತೆ ಇರಲಿಲ್ಲ. ಪುಟದ ಮೇಲೆ ಅಂಗೈ ಇಟ್ಟು, ಅಕ್ಷರಗಳ ಮೇಲೆ ನಿಧಾನಕ್ಕೆ ಸವರುತ್ತಿದ್ದಳು, ಕೂಸಿನ ತಲೆ ಸವರಿದ ಹಾಗೆ.

"ಅಕ್ಕಾರ," ಎಂದಳು ಶ್ರೀವಿದ್ಯಾ ಕಡೆ ತಿರುಗಿ. "ಇದು ನಮ್ಮಣ್ಣನ ಅಕ್ಷರ. ನನಗ ಅ ಆ ಇ ಈ ತಿದ್ದಿಸಿದ ಅಕ್ಷರ. ಸಾವಿರ ಮಂದಿ ಬರದು ಮುಂದಿಟ್ರೂ ಗುರ್ತು ಹಿಡೀತೀನಿ."

"ಸಂಗಮೇಶ ನಿನಗೆ ಅಣ್ಣನಾ?" ಎಂದುಬಿಟ್ಟರು ಚಂದ್ರಮೋಹನ್.

ದೂರದಲ್ಲಿ ಒಂದು ಹಡಗು ಕೂಗಿತು.

"ಅವಳು ಹೆಸರು ಹೇಳಲಿಲ್ಲ," ಎಂದಳು ಶ್ರೀವಿದ್ಯಾ. "ಹೇಳಿದ್ದು ನೀವು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗಿತ್ತು. ಶ್ರೀವಿದ್ಯಾ ಮನಸ್ಸಿನಲ್ಲಿ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟಳು. ಸಂಗಮೇಶ ಸಮುದ್ರಕ್ಕೆ ಬಿದ್ದದ್ದು 2018ರ ನವೆಂಬರ್. ಗೇಟ್ ಪಾಸಿನ ಮೊಹರು 2019ರ ಮೇ. ಫೋಟೊಗೆ ಹಾರ ಬಿದ್ದು ಆರು ತಿಂಗಳಾದ ಮೇಲೆ, ಆ ಮನುಷ್ಯ ಬಂದರಿನ ಸುತ್ತ ನಡೆದು ಕಲ್ಲು ಎಣಿಸಿದ್ದ. ತಂಗಿಯ ಬರಹವನ್ನು ಪುಸ್ತಕಕ್ಕೆ ಕದ್ದವರು, ಅದನ್ನು ಉಳಿಸಿಕೊಳ್ಳಲು ಅಣ್ಣನ ನೋಟ್‌ಬುಕ್ಕನ್ನು ತಮ್ಮದೆಂದರು. ಅವರಿಬ್ಬರೂ ಒಂದೇ ಕಣದಲ್ಲಿ ಎಣಿಕೆ ಕಲಿತವರೆಂದು ಈ ಪುಣ್ಯಾತ್ಮರಿಗೆ ಗೊತ್ತೇ ಇರಲಿಲ್ಲ.

ಚಂದ್ರಮೋಹನ್ ಬೇಗ ಚೇತರಿಸಿಕೊಂಡರು. ಬೆಂಚಿನಿಂದ ತಂದಿದ್ದ ಕ್ಷಮಾಪಣೆಯ ಕಾಗದವನ್ನು ಜೇಬಿನಿಂದ ತೆಗೆದರು. ದನಿ ತಗ್ಗಿಸಿದರು.

"ಸರಿ. ಅವನು ಬದುಕಿದ್ದಾನೆ."

ಸಿಂಧೂರ ಪಕ್ಕದ ಗೂಟವನ್ನು ಹಿಡಿದುಕೊಂಡಳು.

"ಹಡಗು ಬಿಟ್ಟು ಓಡಿಹೋದ. ಯಾಕೆ ಅಂತ ಕೇಳಬೇಡ. ಅಲ್ಲಿಯೇ, ಸಿಸಿಲಿಯಲ್ಲೇ, ಬೇರೆ ಹೆಸರಲ್ಲಿ ಇದ್ದಾನೆ. ಇಲ್ಲಿಂದ ಹತ್ತು ಸಾವಿರ ಕಿಲೋಮೀಟರ್ ದೂರ. ಅವನಿರೋ ಜಾಗ ನನಗೊಬ್ಬನಿಗೇ ಗೊತ್ತು. ಈ ನೋಟ್‌ಬುಕ್ ನನ್ನ ಕೈಗೆ ಕೊಟ್ಟು, ಮನೆಯವರಿಗೆ ಹೇಳಬೇಡಿ ಅಂತ ನನ್ನ ಮುಂದೆ ಕೈ ಮುಗಿದ."

"ಯಾವಾಗ?" ಎಂದಳು ಶ್ರೀವಿದ್ಯಾ.

"ಅದು ನಿಮಗೆ ಬೇಡ. ಸಿಂಧೂರಾ, ಕೇಳು. ಇದು ನಿಮ್ಮಣ್ಣನ ನೋಟ್‌ಬುಕ್ ಅಂತ ನಾಳೆ ನೀನು ಕಮಿಟಿ ಮುಂದೆ ಹೇಳಿದ್ರೆ, ಅವನ ಹೆಸರು ಫೈಲಿಗೆ ಹೋಗುತ್ತೆ. ಸತ್ತವನು ಹೇಗೆ ಬರೆದ ಅಂತ ಕೇಳ್ತಾರೆ. ಪೊಲೀಸರು ಅವನ ಬಾಗಿಲಿಗೆ ಹೋಗ್ತಾರೆ. ನೀನು ಗೆಲ್ತೀಯ, ಅವನು ಜೈಲಿಗೆ ಹೋಗ್ತಾನೆ. ಬದಲಿಗೆ ಇಲ್ಲಿ ಒಂದು ಸಹಿ ಹಾಕು. ಅಡ್ರೆಸ್ ಈಗಲೇ ಬರೆದುಕೊಡ್ತೀನಿ. ಹೋಗಿ ಅಣ್ಣನ್ನ ನೋಡು."

ಪೆನ್ನು ಚಾಚಿದರು.

ಸಿಂಧೂರಳ ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಸತ್ತನೆಂದು ಆರು ವರ್ಷ ಯಾರಿಗಾಗಿ ಅತ್ತಳೋ ಆ ಅಣ್ಣ ಬದುಕಿದ್ದಾನೆ ಎಂದರೆ ಯಾರ ಕೈ ತಾನೆ ಪೆನ್ನಿನ ಕಡೆ ಹೋಗುವುದಿಲ್ಲ? ಶ್ರೀವಿದ್ಯಾಗೆ ಅನಿಸಿತು: ಹಾಕಲಿ, ಹಾಕಿಬಿಡಲಿ, ಡಿಗ್ರಿ ಇನ್ನೊಂದು ಸಿಗುತ್ತದೆ, ಅಣ್ಣ ಸಿಗುತ್ತಾನಾ? ಬಾಯಿಬಿಟ್ಟು ಹೇಳುವುದರಲ್ಲಿದ್ದಳು.

ಹುಡುಗಿ ಪೆನ್ನು ತೆಗೆದುಕೊಂಡಳು. ಮುಚ್ಚಳ ಹಾಕಿದಳು. ಚಂದ್ರಮೋಹನ್ ಅಂಗಿಯ ಜೇಬಿಗೆ ತಾನೇ ಸಿಕ್ಕಿಸಿದಳು.

"ಅಣ್ಣ ಅದಾನ ಅಂದ್ರ, ನನ್ನ ಸಹಿ ಇಲ್ದನೂ ಇರ್ತಾನ್ರಿ ಸರ್. ಅವನ ಬರಹ ನಿಮಗ ಬಿಟ್ಟುಕೊಟ್ಟು, ಅದರ ಬದ್ಲಿ ಅವನ ಅಡ್ರೆಸ್ ಇಸಗೊಳ್ಳಾಕಿ ನಾ ಅಲ್ಲ. ಅವ ನನಗ ಅದನ್ನ ಕಲಸಿಲ್ಲ."

ನೋಟ್‌ಬುಕ್ ಅವಳ ಬ್ಯಾಗಿನೊಳಗೆ ಹೋಯಿತು.

"ಏಯ್! ಅದು ನನ್ನದು! ಕಂಪ್ಲೇಂಟ್ ಕೊಡ್ತೀನಿ!"

"ಕೊಡ್ರಿ. ಅದರಾಗ ಯಾರ ಅಕ್ಷರ ಐತಿ ಅಂತಾನೂ ಬರೀರಿ. ನಾಳೆ ಒಂಬತ್ತಕ್ಕ ನಾ ಅಲ್ಲಿರ್ತೀನಿ. ಅಣ್ಣನ್ನ ಹೆಂಗ ಕಾಯಬೇಕು ಅಂತ ನನಗ ಬಿಡ್ರಿ. ನಿಮ್ಮನ್ನ ಕಾಯೋರು ಯಾರದಾರ ನೋಡ್ಕೋರಿ."

ಚಂದ್ರಮೋಹನ್ ಒಂದು ಹೆಜ್ಜೆ ಮುಂದೆ ಇಟ್ಟರು. ಶ್ರೀವಿದ್ಯಾ ಅಡ್ಡ ಬಂದು ನಿಂತಳು. ಗಾಳ ಹಾಕಿದ್ದ ಇಬ್ಬರು ತಿರುಗಿ ನೋಡಿದರು. ಪ್ರೊಫೆಸರ್ ಸುತ್ತ ಕಣ್ಣು ಹಾಯಿಸಿ, ಚೀಲ ಹೆಗಲಿಗೇರಿಸಿ, ಪಾರ್ಕಿಂಗ್ ಕಡೆ ಬಿರಬಿರನೆ ನಡೆದರು. ಆ ಭಾನುವಾರ ಅವರ ವ್ರತ ಅರ್ಧಕ್ಕೇ ಮುರಿಯಿತು.

ಅವರ ಕಾರು ಕಣ್ಮರೆಯಾದ ಮೇಲೆಯೇ ಸಿಂಧೂರ ಕುಸಿದು ಕೂತು ಜೋರಾಗಿ ಅತ್ತಳು. ಶ್ರೀವಿದ್ಯಾ ಈಗ ಅವಳ ಬೆನ್ನು ತಟ್ಟಿದಳು. ಕೇಸು ಗೆದ್ದಿರಲಿಲ್ಲ, ಆದರೂ ತಟ್ಟಿದಳು.

"ತಪ್ಪು ಮಾಡಿದೆನೇನ್ರಿ ಅಕ್ಕಾರ?"

"ಇಲ್ಲ ಕಣೇ. ನಿನ್ನ ವಯಸ್ಸಲ್ಲಿ ನನಗೆ ಇಷ್ಟು ಧೈರ್ಯ ಇರಲಿಲ್ಲ." ಸಮಾಧಾನಕ್ಕೆ ಏನಾದರೂ ಹೇಳಬೇಕೆಂದು ಸೇರಿಸಿದಳು: "ಆ ಪತ್ರೆ ಇಟ್ಟಿದ್ದು ಮಾತ್ರ ಸರಿಯಾಗಿತ್ತು ನೋಡು. ಅವರು ಕಸ ಅಂದಿದ್ದರಿಂದಲೇ ಸಿಕ್ಕಿಬಿದ್ರು. ಗುಡಿಯಿಂದ ತಂದ್ಯಾ?"

ಸಿಂಧೂರ ತಲೆ ಎತ್ತಿದಳು. "ನಾ ಎಲ್ಲಿ ತಂದೇನ್ರಿ? ಅದು ನೀವ ಇಟ್ಟಿದ್ದಲ್ಲೇನು?"

"ನಾನಾ? ನಾನು ನಿನ್ನ ಜೊತೆಗೇ ಕಾರಿಳಿದೆನಲ್ಲ."

ಇಬ್ಬರೂ ಮೊದಲ ಗೂಟದ ಕಡೆ ನೋಡಿದರು. ಎಲ್ಲವನ್ನೂ ಎರಡು ಸಲ ಅಳೆಯುವವಳು ಇದೊಂದನ್ನು ಒಂದು ಸಲವೂ ಅಳೆದಿರಲಿಲ್ಲ. ಓಡಿ ಹೋಗಿ ಬೆಣಚುಕಲ್ಲು ಸರಿಸಿ ಪತ್ರೆಯನ್ನು ಎತ್ತಿದಳು. ಎಲೆ ಹಸಿರಾಗಿತ್ತು. ತೊಟ್ಟಿನ ತುದಿ ಇನ್ನೂ ಹಸಿ. ಗಿಡದಿಂದ ಕಿತ್ತು ಒಂದು ದಿನವೂ ಆಗಿರಲಿಲ್ಲ.

ಹತ್ತು ಸಾವಿರ ಕಿಲೋಮೀಟರ್ ದೂರ ಎಂದಿದ್ದರು ಪ್ರೊಫೆಸರ್.

ಸಿಂಧೂರ ಎದ್ದು ನಿಂತಳು. ಉದ್ದಕ್ಕೂ ಧಕ್ಕೆ, ಅಂಚಿನಲ್ಲಿ ಬೆನ್ನು ಹಾಕಿ ಕೂತ ಹತ್ತಾರು ಜನ, ಟೋಪಿಗಳು, ಗಾಳದ ಕೋಲುಗಳು. ಅವಳು ಎರಡೂ ಕೈ ಬಾಯಿಗೆ ಹಿಡಿದು, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

"ಲಾಭಾ!"

ರೇಡಿಯೊ ಹತ್ತಿರ ಕೂತವರು ತಿರುಗಿದರು. ಮೀನು ಸುಡುತ್ತಿದ್ದವನು ತಿರುಗಿದ. ಧಕ್ಕೆಯ ಮೇಲಿದ್ದವರೆಲ್ಲ ಈ ಹುಚ್ಚು ಹುಡುಗಿ ಯಾರೆಂದು ತಿರುಗಿ ನೋಡಿದರು, ಏಣಿಯ ಪಕ್ಕ ಬೂದು ಟೋಪಿ ಹಾಕಿಕೊಂಡು ಕೂತಿದ್ದ ಒಬ್ಬನನ್ನು ಬಿಟ್ಟು.